ಹಳೆಯ ಗೀರಿನ ತನಕ

ಫೆಬ್ರವರಿ ೨, ಭಾನುವಾರ

ಬಂತು. ಬಣ್ಣ ಮಾಸಿದೆ. ಒಂದು ಬಾಗಿಲಿಗೆ ಯಾರೋ ಬೇರೆಯದೇ ಕೆಂಪು ಬಳಿದಿದ್ದಾರೆ. ಆದರೆ ಅದೇ ಕಾರು: ಎರಡೇ ಸೀಟು, ಉದ್ದ ಮೂತಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಒಂಬತ್ತು ವರ್ಷದ ಹಿಂದೆ ಅಣ್ಣ ನನಗೊಂದು ಮಾತೂ ಹೇಳದೆ ಮಾರಿಬಿಟ್ಟ ಸ್ಪೋರ್ಟ್ಸ್ ಕಾರು ಇಬ್ಬರು ಮಾಲೀಕರನ್ನು ಸುತ್ತಿ ನನ್ನ ಮನೆ ಮುಂದೆ ನಿಂತಿದೆ.

ಅರವತ್ತೊಂದರ ಹೆಂಗಸು ಅದರೊಳಗೆ ಇಳಿಯುವುದನ್ನು ಎದುರುಮನೆಯವರು ಪರದೆ ಸರಿಸಿ ನೋಡಿದರು. ಕೂರುವುದೇನೋ ಸುಲಭ, ಬಿದ್ದರಾಯಿತು. ಏಳುವುದಕ್ಕೆ ಬಾಗಿಲು ಹಿಡಿದು, ಮಂಡಿ ಹಿಡಿದು, ಕೊನೆಗೆ ಉಸಿರು ಹಿಡಿದು ಎದ್ದೆ. ನೋಡಲಿ ಬಿಡು.

೨೪ನೇ ತಾರೀಕು ಅಣ್ಣನಿಗೆ ಕಣ್ಣಿನ ಆಪರೇಷನ್. ಅವನು ರೇಡಿಯೋ ಮುಂದೆ ಕೂತಾಗ ಅತ್ತಿಗೆ ಪ್ರತಿ ಭಾನುವಾರ ಗುಟ್ಟಾಗಿ ನನಗೆ ಫೋನ್ ಮಾಡುತ್ತಾರೆ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಅಕ್ಕಪಕ್ಕದ ನೋಟವೆಲ್ಲ ಹೋಗಿದೆಯಂತೆ. ನಡುವೆ ಒಂದು ಕೊಳವೆಯಷ್ಟು ಉಳಿದಿದೆ. ಆಪರೇಷನ್ ಆದರೆ ಅಷ್ಟಾದರೂ ಉಳಿಯಬಹುದು, ಕೈಕೊಟ್ಟರೆ ಅದೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ.

ಅದಕ್ಕೆ ಮೊದಲು ಈ ಕಾರನ್ನು ಅವನ ಗೇಟಿನ ಮುಂದೆ ನಿಲ್ಲಿಸಬೇಕು. ಹಾರ್ನ್ ಹೊಡೆಯಬೇಕು. ಅವನು ಬಂದು ನೋಡಬೇಕು. ನಾನು ಇಳಿಯುವುದಿಲ್ಲ. ನೋಡಿದ ಎಂದು ಖಾತ್ರಿಯಾದ ಕೂಡಲೇ ತಿರುಗಿಸಿಕೊಂಡು ಬರುತ್ತೇನೆ. ನೀನು ಮಾರಿದ್ದನ್ನು ನಾನು ತಂದೆ, ನೋಡಿಕೋ. ಅಷ್ಟೇ.

ಫೆಬ್ರವರಿ ೫, ಬುಧವಾರ

ಕಾರಿಗೆ ರೋಗವಿದೆ. ಎಂಜಿನ್ನಿನ ಬಿಸಿಯನ್ನು ಹೊತ್ತುಕೊಂಡು ಹೋಗುವ ಹಸಿರು ನೀರು, ಕೂಲಂಟ್, ಎಲ್ಲಿಗೋ ಮಾಯವಾಗುತ್ತಿದೆ.

ಅದಕ್ಕೊಂದು ಪ್ಲಾಸ್ಟಿಕ್ ಬಾಟಲಿ ಇದೆ, ಬಾನೆಟ್ಟಿನ ಕೆಳಗೆ. ಹಳದಿಗಟ್ಟಿದೆ, ಆದರೂ ಒಳಗಿನ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಎಲ್ಲಿಯವರೆಗೆ ತುಂಬಿಸಬೇಕು ಎಂಬ ಕಂಪನಿಯ ಚೀಟಿ ನಮ್ಮ ಕಾಲಕ್ಕೇ ಉದುರಿತ್ತು. ಅದರ ಬದಲು ನಾನು ನನ್ನ ಹೇರ್‌ಪಿನ್ನಿನಿಂದ ಎಳೆದ ಗೀರು ಇನ್ನೂ ಹಾಗೇ ಇದೆ! ನಲವತ್ತು ವರ್ಷದ ಮೇಲೆ ಅದನ್ನು ಕಂಡು ಬೆರಳಿನಿಂದ ಸವರಿದೆ. ಪರವಾಗಿಲ್ಲ, ಕೈ ಗಟ್ಟಿಯಿತ್ತು ಆಗ.

ಸೋಮವಾರ ಬೆಳಿಗ್ಗೆ ಗೀರಿನ ತನಕ ತುಂಬಿಸಿದ್ದೆ. ಊರ ಹೊರಗಿನ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿದೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಎರಡು ಬೆರಳು ಕೆಳಗೆ. ಮತ್ತೆ ತುಂಬಿಸಿ ಓಡಿಸಿದೆ. ಇವತ್ತೂ ಎರಡು ಬೆರಳು ಕೆಳಗೆ. ಕಾರಿನಡಿ ಹಾಸಿದ್ದ ಪೇಪರಿನ ಮೇಲೆ ಒಂದು ತೊಟ್ಟೂ ಇಲ್ಲ.

ಮೂವತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ನೋಡಿದವಳು ನಾನು. ಕಾರಣವಿಲ್ಲದೆ ಯಾವುದೂ ಕಡಿಮೆಯಾಗುವುದಿಲ್ಲ.

ಫೆಬ್ರವರಿ ೭, ಶುಕ್ರವಾರ

ನಿನ್ನೆ ಹಳೆಯ ಅಳತೆ ಜಾಡಿ ಹುಡುಕಿ ತೆಗೆದಿದ್ದೆ. ಇವತ್ತು ಹಾಕಬೇಕಾಗಿ ಬಂದದ್ದು ಸರಿಯಾಗಿ ೨೮೦ ಮಿಲಿ. ನಿನ್ನೆಯೂ ೨೮೦. ಶಿಸ್ತಿನ ಕಳ್ಳ.

ಫೆಬ್ರವರಿ ೮, ಶನಿವಾರ

ಹ್ಞೂಂ ಮೇಸ್ತ್ರಿಯ ಗ್ಯಾರೇಜಿಗೆ ಹೋಗಿದ್ದೆ. ಈ ಹೆಸರು ನಾನಿಟ್ಟದ್ದು. ಏನು ಹೇಳಿದರೂ ಮನುಷ್ಯ ‘ಹ್ಞೂಂ’ ಅನ್ನುತ್ತಾನೆ. ಆದರೆ ಕೈ ಒಳ್ಳೆಯದು, ಬೋಲ್ಟನ್ನು ನೋಯಿಸದ ಕೈ.

ರೇಡಿಯೇಟರಿನ ಬಾಯಿಗೆ ಪಂಪು ಸಿಕ್ಕಿಸಿ ಒತ್ತಡ ಏರಿಸಿದ. ಎಲ್ಲಾದರೂ ತೂತಿದ್ದರೆ ಪಂಪಿನ ಮೀಟರಿನ ಮುಳ್ಳು ಇಳಿಯಬೇಕು. ಇಪ್ಪತ್ತು ನಿಮಿಷ ಇಬ್ಬರೂ ಆ ಮುಳ್ಳನ್ನೇ ದಿಟ್ಟಿಸಿದೆವು. ಮಿಸುಕಲಿಲ್ಲ. ಮುಚ್ಚಳವನ್ನು ಬೇರೆಯಾಗಿ ಪರೀಕ್ಷಿಸಿದ, ಸರಿಯಿದೆ. ಹೀಟರು ಸೋರುತ್ತಿದ್ದರೆ ಕಾಲಡಿಯ ಕಾರ್ಪೆಟ್ಟು ಒದ್ದೆಯಾಗಿ ಸಿಹಿ ವಾಸನೆ ಬರಬೇಕಂತೆ. ಇಬ್ಬರೂ ಸರದಿಯಂತೆ ಕಾರಿನೊಳಗೆ ತಲೆ ತೂರಿಸಿ ಮೂಸಿದೆವು. ದಾರಿಯಲ್ಲಿ ಹೋಗುವವರು ಏನೆಂದುಕೊಂಡರೋ.

“ಎಷ್ಟು ತುಂಬಿಸ್ತೀರಿ ಅಕ್ಕಾ?”

“ಅಲ್ಲೊಂದು ಗೀರಿದೆಯಲ್ಲ, ಅಲ್ಲೀ ತನಕ. ಲೆಕ್ಕ ತಪ್ಪೋದಿಲ್ಲ.”

“ಹ್ಞೂಂ.”

ಫೆಬ್ರವರಿ ೯, ಭಾನುವಾರ

ಅತ್ತಿಗೆಯ ಫೋನ್. ಅವನ ವಿಷಯ ನಾನು ಕೇಳಲಿಲ್ಲ, ಅವರಾಗಿಯೇ ಹೇಳಿದರು. ಹಿಂದಿನ ಕೋಣೆಯಲ್ಲಿ ಕೂತು ಸ್ಪ್ಯಾನರುಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಜೋಡಿಸುತ್ತಾನಂತೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು, ಮುಟ್ಟಿ ಮುಟ್ಟಿ. “ಯಾಕ್ರೀ ಹೀಗೆ ಅಂದ್ರೆ ಅಭ್ಯಾಸ ಮಾಡ್ಕೊಳ್ತಿದೀನಿ ಅಂತಾರೆ ಕಣೇ,” ಎಂದರು ಅತ್ತಿಗೆ. ಕಾರಿನ ವಿಷಯ ನಾನು ಬಾಯಿಬಿಡಲಿಲ್ಲ.

ಆ ಹದಿಮೂರರ ಸ್ಪ್ಯಾನರಿನ ತುದಿ ಸ್ವಲ್ಪ ಬಾಗಿದೆ. ಅದನ್ನು ಬಾಗಿಸಿದವಳು ನಾನೇ. ಮುಟ್ಟಿದರೆ ಅವನಿಗೆ ಗೊತ್ತಾಗುತ್ತದೆ.

ಫೆಬ್ರವರಿ ೧೨, ಬುಧವಾರ

ಇವತ್ತು ದೊಡ್ಡ ಪರೀಕ್ಷೆ. ಎಂಜಿನ್ನಿನ ತಲೆಗೂ ಮೈಗೂ ನಡುವಿನ ಗ್ಯಾಸ್ಕೆಟ್ ಒಡೆದಿದ್ದರೆ ಹೊಗೆ ನೀರಿನೊಳಗೆ ಸೇರುತ್ತದೆ. ಅದನ್ನು ಹಿಡಿಯಲು ಒಂದು ನೀಲಿ ದ್ರಾವಣವಿದೆ, ಹೊಗೆ ತಾಗಿದರೆ ಹಳದಿಯಾಗುತ್ತದೆ. ಮೇಸ್ತ್ರಿ ಅದನ್ನು ಬುಡ್ಡಿಗೆ ಸುರಿದಾಗ ನನಗೆ ನಗು ಬಂತು. ನಮ್ಮ ಲ್ಯಾಬಿನ ಹಳೆಯ ಪರಿಚಯದ ದ್ರಾವಣವೇ! ಇಷ್ಟು ವರ್ಷ ಆದ ಮೇಲೆ ಗ್ಯಾರೇಜಿನಲ್ಲಿ ಸಿಕ್ಕಿತು.

ಹಳದಿಯಾದರೆ ತಲೆ ಬಿಚ್ಚಬೇಕು, ಮೂರು ವಾರ ಹೋಯಿತು, ೨೪ ಕೈತಪ್ಪಿತು. ನೀಲಿ ನೀಲಿಯಾಗೇ ಉಳಿಯಿತು.

ಸಂತೋಷಪಡಬೇಕಿತ್ತು. ರೋಗ ಸಿಗದಿದ್ದರೆ ಸಂತೋಷ ಹೇಗೆ ಬರುತ್ತದೆ? ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, “ಇದನ್ನ ಮುಂಚೆ ಓಡಿಸ್ತಿದ್ದೋರ್ನ ಒಂದು ಮಾತು ಕೇಳಿ ಅಕ್ಕಾ. ಹಳೇ ಗಾಡಿ ಗುಟ್ಟು ಹಳಬರಿಗೇ ಗೊತ್ತಿರತ್ತೆ,” ಎಂದ. ಅವನು ಅಷ್ಟುದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ.

“ಅವರಿಲ್ಲ.”

“ಅಯ್ಯೋ, ತೀರ್ಕೊಂಡ್ರಾ?”

“ಇಲ್ಲಪ್ಪ, ಗುಂಡುಕಲ್ಲಿನ ಹಾಗಿದಾರೆ. ನನ್ನ ಪಾಲಿಗಿಲ್ಲ.”

“ಹ್ಞೂಂ.”

ಫೆಬ್ರವರಿ ೧೩, ಗುರುವಾರ

ಮಧ್ಯಾಹ್ನವೆಲ್ಲ ಕಾರಿನೊಳಗೆ ಕೂತಿದ್ದೆ. ಎಲ್ಲಿಗೂ ಹೋಗಲಿಲ್ಲ. ಸ್ಟೀರಿಂಗಿನ ಹಿಂದೆ ಕೂರದೆ ಪಕ್ಕದ ಸೀಟಿನಲ್ಲಿ ಕೂತೆ. ಅದು ನನ್ನ ಜಾಗ. ಅಣ್ಣ ಒಂದು ದಿನವೂ ನನಗೆ ಓಡಿಸಲು ಕೊಟ್ಟವನಲ್ಲ. ನಕ್ಷೆ, ಕೈ ಒರೆಸುವ ಬಟ್ಟೆ, ನೀರಿನ ಬಾಟಲಿ, ಇವು ನನ್ನ ಖಾತೆ.

ಗುಜರಿಯಿಂದ ತಂದಾಗ ಅದು ಕಾರಾಗಿರಲಿಲ್ಲ, ತುಕ್ಕಿನ ತೊಟ್ಟಿ. ಹಿತ್ತಲ ಶೆಡ್ಡಿನಲ್ಲಿ ಎರಡು ವರ್ಷ ಇಬ್ಬರೂ ಅದರ ಹೊಟ್ಟೆಯಡಿ ಮಲಗಿದ್ದೇವೆ. ಎಂಜಿನ್ನಿನ ಹಿಂದೆ ನಟ್ಟು ಬಿದ್ದರೆ ಅವನ ಕೈ ಹೋಗುತ್ತಿರಲಿಲ್ಲ. “ಇಲೀ, ಬಾರೇ ಇಲ್ಲಿ!” ಎಂದು ಕೂಗುತ್ತಿದ್ದ. ನಾನು ಬಂದು ನನ್ನ ಸಣ್ಣ ಕೈ ತೂರಿಸಿ ತೆಗೆದುಕೊಡುತ್ತಿದ್ದೆ. ಮೊಣಕೈ ತನಕ ಗ್ರೀಸು. ಅಮ್ಮ ಊಟಕ್ಕೆ ಕೂರಿಸುವ ಮೊದಲು ಇಬ್ಬರ ಉಗುರನ್ನೂ ನೋಡುತ್ತಿದ್ದಳು.

ಮೊದಲ ದೂರದ ಸವಾರಿ ಅಣೆಕಟ್ಟಿಗೆ. ಕಾರಿನ ಮಾಡು ಮಡಚಿ ಹಿಂದಕ್ಕೆ ಹಾಕಿ ಹೋದೆವು. ನನ್ನ ಕೂದಲು ಬಾಯಿಗೆ, ಕಣ್ಣಿಗೆ. ಅವನು ಹಾಡು ಹೇಳಿದ, ಶ್ರುತಿ ತಾಳ ಎರಡೂ ಇಲ್ಲ. ನೀರಿನ ಅಂಚಿನಲ್ಲಿ ಕೂತು ಬ್ರೆಡ್ಡು ತಿಂದೆವು. ಸಂಜೆ ಮನೆ ಮುಟ್ಟಿ ಇಳಿದವರೇ ಬಾನೆಟ್ ಎತ್ತಿದೆವು, ಮುಖಕ್ಕೆ ಬಿಸಿ ರಾಚಿತು. ಒಳಗೆ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಒಂದು ತೊಟ್ಟು ಚೆಲ್ಲದೆ ಹೋಗಿ ಬಂದಿತ್ತು! ಅಣ್ಣ ಕುಣಿದೇಬಿಟ್ಟ. “ಇಲೀ, ನೀರು ಎಲ್ಲಿ ನಿಂತಿದೆಯೋ ಅಲ್ಲೇ ಒಂದು ಗೀರು ಹಾಕು, ಇದೇ ನಮ್ಮ ಅಳತೆ,” ಎಂದ. ನಾನು ತಲೆಯಿಂದ ಪಿನ್ನು ಕಿತ್ತು ಎಳೆದೆ. ಬೆಣ್ಣೆಯಲ್ಲಿ ಎಳೆದ ಹಾಗೆ ಇಳಿಯಿತು.

ಅದಕ್ಕಿಂತ ಒಳ್ಳೆಯ ದಿನ ಆಮೇಲೆ ಬಂತೇ? ಬಂದಿರಬೇಕು. ನೆನಪಾಗುತ್ತಿಲ್ಲ.

ಇಂಥದ್ದನ್ನು ಅವನು ಮಾರಿದ. ಯಾಕೆ ಎಂದರೆ “ಬೇಜಾರಾಯ್ತು, ಕೊಟ್ಟೆ” ಎಂದ. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದೆ. ಹತ್ತಲಿಲ್ಲ, ಮಹಾಶಯ. ಒಂದೊಂದು ಸಲ ಜನ ಹೇಳಿದ್ದನ್ನು ಎಷ್ಟು ಚೆನ್ನಾಗಿ ಕೇಳುತ್ತಾರೆ.

ಫೆಬ್ರವರಿ ೧೬, ಭಾನುವಾರ

ಅತ್ತಿಗೆ ಫೋನ್ ಮಾಡಲಿಲ್ಲ. ಸಂಜೆಯ ತನಕ ಕಾದೆ.

ಫೆಬ್ರವರಿ ೧೭, ಸೋಮವಾರ

ಅವನಿರುವುದು ಬೆಟ್ಟದ ಮೇಲಿನ ಊರಿನಲ್ಲಿ, ಎರಡೂವರೆ ಗಂಟೆಯ ದಾರಿ, ಅರ್ಧ ಬರೀ ಏರು. ಅದಕ್ಕೇ ಇವತ್ತು ಬೆಳಿಗ್ಗೆ ಗೀರಿನ ತನಕ ತುಂಬಿಸಿ ಹತ್ತಿರದ ಗುಡ್ಡ ಹತ್ತಿಸಿ ನೋಡಿದೆ. ಮಧ್ಯಾಹ್ನ ತಣಿದ ಮೇಲೆ ಮುನ್ನೂರು ಮಿಲಿ ಹೋಗಿತ್ತು. ಏರಿನ ನಡುವೆ ಎಲ್ಲವೂ ಹೋದರೆ? ಕುದಿದು ಎಂಜಿನ್ನೇ ಸೊಟ್ಟಗಾದರೆ?

ಮೇಸ್ತ್ರಿಗೆ ಇನ್ನು ನೀರಿನ ಪಂಪಿನ ಮೇಲೆ ಅನುಮಾನ. ಪಂಪು, ಪೈಪು ಎಲ್ಲ ಬದಲಿಸೋಣ ಅನ್ನುತ್ತಾನೆ. ಸಾಮಾನು ಬರಲು ಹತ್ತು ದಿನ. ೨೪ಕ್ಕೆ ಉಳಿದಿರುವುದು ಏಳು.

ಬಸ್ಸಿನಲ್ಲಿ ಹೋಗಬಹುದು. ಬಸ್ಸಿನಲ್ಲಿ ಹೋಗಿ ಏನು ತೋರಿಸಲಿ?

ಫೆಬ್ರವರಿ ೧೮, ಮಂಗಳವಾರ

ಫೋನ್ ಎತ್ತಿಕೊಂಡೆ. ಇಟ್ಟೆ. ಮತ್ತೆ ಎತ್ತಿಕೊಂಡೆ. ಪಾತ್ರೆ ತೊಳೆದೆ.

ಕಾರಿನ ವಿಷಯ ಮಾತ್ರ ಕೇಳಬಹುದು. ಡಾಕ್ಟರನ್ನು ಕೇಳಿದ ಹಾಗೆ. ಅದರಲ್ಲಿ ಸೋಲುವುದೇನಿದೆ?

ಫೆಬ್ರವರಿ ೧೯, ಬುಧವಾರ

ಮಾಡಿದೆ. ಅವನೇ ಎತ್ತಿದ. “ನಾನು,” ಎಂದೆ. ರೇಡಿಯೋ ಆರಿಸಿದ ಸದ್ದು ಕೇಳಿತು.

“ಹೇಳು.”

“ಒಂದು ಕಾರಿನ ವಿಷಯ. ಕೂಲಂಟ್ ಕಡಿಮೆ ಆಗ್ತಾ ಇದೆ. ಸೋರಿಕೆ ಎಲ್ಲೂ ಇಲ್ಲ.”

ಅವನು ಶುರುಮಾಡಿದ, ಒಂಬತ್ತು ವರ್ಷ ನಡುವೆ ಇರಲೇ ಇಲ್ಲವೇನೋ ಎಂಬಂತೆ. ಒತ್ತಡ ಹಾಕಿ ನೋಡಿದ್ರಾ? ಮುಚ್ಚಳ? ಕಾರ್ಪೆಟ್ಟು? ನೀಲಿ ನೀರು? ಎಲ್ಲಕ್ಕೂ ಸರಿಯಿದೆ, ಸರಿಯಿದೆ ಎಂದೆ.

“ಎಷ್ಟು ಕಡಿಮೆ ಆಗತ್ತೆ?”

“ಎರಡು ಬೆರಳು. ಅಳೆದಿದೀನಿ, ಇನ್ನೂರೆಂಬತ್ತು ಮಿಲಿ.”

“ಪ್ರತಿ ಸಲವೂ ಅಷ್ಟೇನಾ? ಅದಕ್ಕಿಂತ ಕೆಳಗೆ ಹೋಗಿದ್ದುಂಟಾ?”

“ಹೋಗೋಕೆ ಬಿಟ್ಟರೆ ತಾನೆ? ದಿನಾ ಬೆಳಿಗ್ಗೆ ತುಂಬಿಸ್ತೀನಿ.”

“ಎಲ್ಲಿ ತನಕ?”

ಸುಳ್ಳು ಹೇಳಲು ಹೊಳೆಯಲಿಲ್ಲ. “ಗೀರಿನ ತನಕ,” ಎಂದೆ.

ಆ ಕಡೆ ಕುರ್ಚಿ ಕಿರುಗುಟ್ಟಿತು. “ಇಲೀ?” ಎಂದ.

ನನಗೆ ಅಳು ಬಂತು. ಬಂದದ್ದನ್ನು ಬರೆಯಲು ನಾಚಿಕೆ ಯಾಕೆ, ಇದನ್ನು ಓದುವವಳು ನಾನೊಬ್ಬಳೇ.

“ಅದು ನಿನ್ನ ಹತ್ರ ಇದೆಯಾ?” ಎಂದ. “ಹ್ಞೂಂ” ಎಂದೆ, ಥೇಟ್ ಮೇಸ್ತ್ರಿಯ ಹಾಗೆ.

“ಆ ಗೀರು ಹಾಕಿದ್ದು ಯಾವಾಗ, ನೆನಪಿದೆಯಾ?”

“ಅಣೆಕಟ್ಟಿಂದ ಬಂದ ದಿನ. ಮರೆಯೋಕಾಗತ್ತಾ?”

“ಬಂದು ಎಷ್ಟು ಹೊತ್ತಾಗಿತ್ತು?”

ಎಷ್ಟು ಹೊತ್ತು? ಹೊತ್ತೇ ಆಗಿರಲಿಲ್ಲ. ಇಳಿದವರೇ ಬಾನೆಟ್ ಎತ್ತಿದ್ದು. ಮುಖಕ್ಕೆ ರಾಚಿದ ಬಿಸಿ. ಟಿಕ್ ಟಿಕ್. ಪಿನ್ನು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದದ್ದು. ಅಯ್ಯೋ ನನ್ನ ತಲೆಯೇ!

“ಬಿಸಿ ನೀರು ಉಬ್ಬಿರತ್ತೆ ಕಣೇ,” ಎಂದ. “ತಣ್ಣಗಿದ್ದಾಗ ಅಲ್ಲೀ ತನಕ ತುಂಬಿಸಿದ್ರೆ, ಬಿಸಿಯಾದ ಮೇಲೆ ಅದು ಹೋಗಬೇಕೆಲ್ಲಿಗೆ? ಹೆಚ್ಚಾಗಿದ್ದನ್ನ ಉಗುಳತ್ತೆ. ಉಗುಳೋ ಪೈಪು ಸೈಲೆನ್ಸರ್ ಪಕ್ಕ, ಗಾಡಿಯಡಿಯ ಕಬ್ಬಿಣದ ತೊಲೆಯೊಳಗೆ ಹೋಗತ್ತೆ, ಅಲ್ಲೇ ಆವಿ. ನಿನ್ನ ಗಾಡಿಗೆ ಏನೂ ಆಗಿಲ್ಲ. ನೀನು ಅದನ್ನ ಸುಮ್ನೆ ಬಿಡ್ತಿಲ್ಲ, ಅಷ್ಟೆ.”

“ನೀನು ಮತ್ತೆ ಇಷ್ಟು ವರ್ಷ…”

“ನಾನು ಎರಡು ಬೆರಳು ಕೆಳಗೇ ಇಡ್ತಿದ್ದೆ. ಮೊದಲನೇ ವಾರಾನೇ ಗೊತ್ತಾಯ್ತು. ನಿನ್ನ ಗೀರು ಅಂತ ಅಳಿಸಲಿಲ್ಲ.”

ಆಗ ಕೇಳಿಬಿಟ್ಟೆ, ಯಾಕೆ ಮಾರಿದೆ ಎಂದು. ಕಾರಿನ ವಿಷಯವೇ ತಾನೆ ಅದೂ.

ಒಂದು ಸಂಜೆ ಸೈಕಲ್ಲಿನವನೊಬ್ಬ ಪಕ್ಕದಲ್ಲಿದ್ದದ್ದು ಕಾಣಿಸಲಿಲ್ಲವಂತೆ. ಕನ್ನಡಿ ತಾಗಿ ಅವನು ಬಿದ್ದ, ಎದ್ದ, ಬೈದ, ಹೋದ. ಅಣ್ಣ ಒಂದು ಗಂಟೆ ಅಲ್ಲೇ ಕೂತಿದ್ದನಂತೆ. ಮರುವಾರ ಕಾರು ಕೊಟ್ಟುಬಿಟ್ಟ. ಯಾರಿಗೂ ಹೇಳಲಿಲ್ಲ, ಅತ್ತಿಗೆಗೂ.

“ನನಗೊಂದು ಮಾತು ಹೇಳಬಹುದಿತ್ತಲ್ಲೋ.”

“ಹೇಳಿದ್ರೆ ನೀನು ಕೈಹಿಡಿದು ಎಳ್ಕೊಂಡು ಹೋಗಿ ಕಣ್ಣು ತೋರಿಸ್ತಿದ್ದೆ.”

“ಹೌದು. ತೋರಿಸ್ತಿದ್ದೆ.”

ಆಗ ತೋರಿಸಿದ್ದರೆ ಅಷ್ಟೂ ಉಳಿಯುತ್ತಿತ್ತು. ಅವನಿಗೂ ಗೊತ್ತು, ನನಗೂ ಗೊತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಅವತ್ತು ಬಾಯಿ ಬಿಡಲಿಲ್ಲ, ನಾನು ಬಿಟ್ಟ ಬಾಯಿ ಮುಚ್ಚಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಎರಡು ದಿನ ತುಂಬಿಸಲಿಲ್ಲ. ಎರಡು ದಿನವೂ ಓಡಿಸಿದೆ. ಬೆಳಿಗ್ಗೆ ನೋಡಿದರೆ ಎರಡು ಬೆರಳು ಕೆಳಗೆ ಇದ್ದದ್ದು ಅಲ್ಲೇ ಇದೆ, ಕೂದಲೆಳೆಯಷ್ಟೂ ಇಳಿದಿಲ್ಲ. ಜಾಡಿ ಕೈಯಲ್ಲಿ ಹಿಡಿದು ನಿಂತಿದ್ದೆ. ಸುರಿಯದೆ ಒಳಗೆ ಬರಲು ಎಷ್ಟು ಕಷ್ಟವಾಯಿತೆಂದರೆ!

ಮೇಸ್ತ್ರಿಗೆ ಹೇಳಿದೆ. ‘ಹ್ಞೂಂ’ ಎಂದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೂ ಆ ಗೀರನ್ನು ನಂಬಿದ್ದಕ್ಕೆ ತನ್ನ ಹಣೆಗೇ ಒಂದು ಬಡಿದುಕೊಂಡ.

ಫೆಬ್ರವರಿ ೨೨, ಶನಿವಾರ

ಕಾರು ಬೆಟ್ಟ ಏರಿತು. ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ.

ಹಾರ್ನ್ ಹೊಡೆಯಬೇಕಾಗಲಿಲ್ಲ. ತಿರುವಿನಲ್ಲೇ ಎಂಜಿನ್ನಿನ ಸದ್ದು ಕೇಳಿ ಗೇಟಿಗೆ ಬಂದು ನಿಂತಿದ್ದ. ಬಿಳಿ ಗಡ್ಡ. ಯಾರೂ ಹೇಳಿರಲಿಲ್ಲ ನನಗೆ ಗಡ್ಡದ ವಿಷಯ. ಅಪ್ಪನೇ ನಿಂತ ಹಾಗಿತ್ತು.

ಕಾರನ್ನು ಒಂದೇ ಸಲ ನೋಡಲು ಅವನಿಗೆ ಆಗುವುದಿಲ್ಲ. ಕತ್ತು ತಿರುಗಿಸಿ ತಿರುಗಿಸಿ ತುಂಡು ತುಂಡಾಗಿ ನೋಡಿದ. ಒಂದು ದೀಪ. ಇನ್ನೊಂದು ದೀಪ. ಮೂತಿ. ಚಕ್ರ. ಹಾಗೇ ನಿಧಾನವಾಗಿ ಹಿಂದಕ್ಕೆ ಬಂದ.

“ಯಾವನೋ ಈ ಬಾಗಿಲಿಗೆ ಬೇರೆ ಕೆಂಪು ಬಳಿದಿದಾನಲ್ಲೇ!” ಎಂದು ಸಿಟ್ಟಾದ.

ಕಾಣುತ್ತದೆ ಅವನಿಗೆ. ಇನ್ನೂ ಕಾಣುತ್ತದೆ.

“ಇಳಿಯೋದಿಲ್ವಾ?”

“ಏಳೋಕಾಗ್ತಿಲ್ಲ. ಕೈ ಕೊಡು.”

ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಟ್ಟಿಗೇ ನಗುತ್ತಲೂ ಅಳುತ್ತಲೂ ಇದ್ದರು. ಹೋದ ಭಾನುವಾರ ಯಾಕೆ ಫೋನ್ ಮಾಡಲಿಲ್ಲ ಎಂದೆ. “ಸಿಕ್ಕಿಬಿದ್ದೆ ಕಣೇ,” ಎಂದರು. “ಒಂಬತ್ತು ವರ್ಷದಿಂದ ಗೊತ್ತಿತ್ತಂತೆ ಇವರಿಗೆ. ಅದಕ್ಕೇ ಆ ಹೊತ್ತಿಗೆ ಸರಿಯಾಗಿ ರೇಡಿಯೋ ಹಾಕ್ಕೊಂಡು ಕೂರ್ತಿದ್ರಂತೆ.”

ಫೆಬ್ರವರಿ ೨೪, ಸೋಮವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದು ಇಂಥ ಬೆಂಚಿನ ಮೇಲೆ ಕೂತದ್ದು ಇದೇ ಮೊದಲು. ಎಷ್ಟು ಗಟ್ಟಿ ಇದು.

ನಿನ್ನೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅಣ್ಣ ಅತ್ತಿಗೆಯ ಹೇರ್‌ಪಿನ್ ಇಸಿದುಕೊಂಡು ಬಾಟಲಿಗೆ ಹೊಸ ಗೀರು ಹಾಕಿದ, ನೀರು ನಿಂತಿದ್ದಲ್ಲಿಗೆ. ನಾನು ಜಾಗ ತೋರಿಸಿದೆ, ಅವನು ಎಳೆದ. ತಣ್ಣನೆಯ ಪ್ಲಾಸ್ಟಿಕ್ಕಿನಲ್ಲಿ ಪಿನ್ನು ಸುಲಭಕ್ಕೆ ಇಳಿಯಲಿಲ್ಲ, ನಾಲ್ಕು ಸಲ ಎಳೆಯಬೇಕಾಯಿತು.

ಇವತ್ತು ಅವನನ್ನು ಇದರಲ್ಲೇ ಕರೆತಂದೆ. ಎರಡೇ ಸೀಟಾದ್ದರಿಂದ ಅತ್ತಿಗೆ ಪಕ್ಕದ ಮನೆಯವರ ಕಾರಿನಲ್ಲಿ ಹಿಂದೆ ಬಂದರು. ಅಣ್ಣ ನನ್ನ ಜಾಗದಲ್ಲಿ ಕೂತ. ಮಡಿಲಲ್ಲಿ ಕೈ ಒರೆಸುವ ಬಟ್ಟೆ, ನೀರಿನ ಬಾಟಲಿ. ಮೂರನೇ ತಿರುವಿನ ಹೊತ್ತಿಗೆ “ಗೇರ್ ಬೇಗ ಹಾಕ್ತೀಯ,” ಎಂದ. “ಬಾಯಿ ಮುಚ್ಕೊಂಡು ನಕ್ಷೆ ನೋಡು,” ಎಂದೆ. ನಕ್ಷೆ ಇರಲಿಲ್ಲ. ಅವನು ಹಾಡು ಶುರುಮಾಡಿದ. ಶ್ರುತಿ ಈಗಲೂ ಇಲ್ಲ.

ಇಲ್ಲಿ ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತು ಎಂದ. ಎತ್ತಿದೆ. ಮುಖಕ್ಕೆ ಬಿಸಿ ರಾಚಿತು. ಟಿಕ್ ಟಿಕ್.

“ಎಲ್ಲಿದೆ?”

ನೋಡಿದೆ. ಹೊಸ ಗೀರು ಹಸಿರಿನಲ್ಲಿ ಮುಳುಗಿತ್ತು. ನೀರು ಎರಡು ಬೆರಳು ಮೇಲೇರಿ ನಲವತ್ತು ವರ್ಷದ ಹಿಂದಿನ ಆ ಗೀರಿಗೆ ಸರಿಯಾಗಿ ಬಂದು ನಿಂತಿತ್ತು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಗೀರಿಗೆ ಬಂದಿದೆ.”

“ಯಾವ ಗೀರಿಗೆ?”

“ನನ್ನ ಗೀರಿಗೆ.”

ಅವನು ಕೈ ಚಾಚಿದ. ಅವನ ಬೆರಳು ಹಿಡಿದು ಅಲ್ಲಿಗೆ ಇಟ್ಟೆ. ಪ್ಲಾಸ್ಟಿಕ್ ಸುಡುತ್ತಿತ್ತು, ಆದರೂ ತೆಗೆಯಲಿಲ್ಲ. “ನೀನು ಸರಿಯಾಗೇ ಹಾಕಿದ್ದೆ ಕಣೇ,” ಎಂದ. ಒಳಗಿನಿಂದ ನರ್ಸು ಬಂದು ಕರೆದಳು. “ತಣ್ಣಗಾದ ಮೇಲೆ ಇನ್ನೊಂದು ಸಲ ನೋಡು,” ಎಂದು ಹೇಳಿ ಅತ್ತಿಗೆಯ ತೋಳು ಹಿಡಿದುಕೊಂಡು ಹೋದ.

ಈಗ ಹನ್ನೊಂದೂವರೆ. ಆಪರೇಷನ್ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿಲ್ಲ. ಅತ್ತಿಗೆ ನನ್ನ ಹೆಗಲಿಗೆ ತಲೆಯಿಟ್ಟು ತೂಕಡಿಸುತ್ತಿದ್ದಾರೆ. ಕಾರು ಇಷ್ಟು ಹೊತ್ತಿಗೆ ತಣ್ಣಗಾಗಿರಬೇಕು. ನಾನು ಹೋಗಿ ನೋಡಿಲ್ಲ. ಅವನು ಬರಲಿ. ಇಬ್ಬರೂ ಹೋಗಿ ನೋಡುತ್ತೇವೆ, ಕಣ್ಣಿನಿಂದಲೋ, ಬೆರಳಿನಿಂದಲೋ.